ಮಳೆಯಲ್ಲಿ ನೆನೆಯದ ಕುರಿಗಳು

ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮಳೆ ಬಂತು. ಎಲ್ಲ ಕೆಡತೊಡಗಿದ್ದು ಅಲ್ಲಿಂದಲೇ. ಬಂದದ್ದು ಮೂಡಲಗಿಯ ಆಕಾಶದಿಂದಲ್ಲ. ಕಬ್ಬು ಕಡಿಯುವ ದಿನಗಳವು, ಆಕಾಶದಲ್ಲಿ ರವದಿ, ಅಂದರೆ ಕಬ್ಬಿನ ಒಣ ಸೋಗೆ, ಸುಟ್ಟ ಹೊಗೆ ಬಿಟ್ಟರೆ ಬೇರೆ ಮೋಡವಿರಲಿಲ್ಲ. ಮಳೆ ಬಂದದ್ದು ಟೀವಿಯ ಪರದೆಯೊಳಗೆ, ಒಂದು ವಿಡಿಯೋ ಗೇಮಿನಲ್ಲಿ. ಆಟದೊಳಗಿನ ಮಳೆ ಸರಿಯಾಗಿ ಬರಲಿಲ್ಲವೆಂದು ನನ್ನ ತಮ್ಮ ಸಾಯುವುದರಲ್ಲಿದ್ದ ಎಂದರೆ ನೀವು ನಗುತ್ತೀರಿ. ನಗಿ. ಹಗಲಿನಲ್ಲಿ ನಾನೂ ನಗುತ್ತೇನೆ.

ಇದೆಲ್ಲ ಮತ್ತೆ ಮೇಲೆದ್ದು ಬರಲು ಕಾರಣ ಹೋದ ಶನಿವಾರದ ಬಸ್ಸು. ನಾನು ಹುಕ್ಕೇರಿಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು, ಮನೆ ಗೋಕಾಕದಲ್ಲಿ. ಪಕ್ಕದ ಸೀಟಿನ ಹೆಣ್ಣುಮಗಳು ಫೋನಿನಲ್ಲಿ ಏನೋ ನೋಡುತ್ತಿದ್ದಳು. ಬರಲಿರುವ ಯಾವುದೋ ಹೊಸ ಆಟದ ಟ್ರೇಲರ್. ಡೊಳ್ಳಿನಂಥ ಸದ್ದು, ಒಂದು ಮಿಂಚು, ಆಮೇಲೆ ಕಲ್ಲುಹಾಸಿನ ಬೀದಿಯ ಮೇಲೆ ಮಳೆ. ನನ್ನ ಕೈ ತಾನಾಗಿ ಎದುರಿನ ಸೀಟಿನ ಸರಳನ್ನು ಹಿಡಿಯಿತು, ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ. "ಯಾಕ್ರೀ ಅಕ್ಕಾರ, ವಾಂತಿ ಬಂದಂಗ ಆಗಾಕತ್ತೈತೇನು? ಕಿಡಕಿ ಕಡೆ ಬರ್ರಿ," ಎಂದು ಆಕೆ ಎದ್ದು ಜಾಗ ಬಿಟ್ಟಳು. ಫೋನಿನೊಳಗಿನ ಮಳೆ ಕಂಡು ಹೆದರಿದೆ ಎಂದು ಹೇಳುವುದು ಹೇಗೆ? ವಾಂತಿಯೇ ಎಂದು ಒಪ್ಪಿಕೊಂಡು ಕಿಟಕಿಗೆ ಮುಖವಿಟ್ಟು ಕೂತೆ. ಆಕೆ ಕೊಟ್ಟ ಪೆಪ್ಪರಮಿಂಟನ್ನೂ ಸುಮ್ಮನೆ ಚೀಪಿದೆ.

ಆ ತಮ್ಮನ ಹೆಸರು ಮಲ್ಲು, ನನ್ನ ಚಿಗವ್ವನ ಮಗ. ಮೂಡಲಗಿಯಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಗೇಮ್ ಪಾರ್ಲರ್ ನಡೆಸುತ್ತಾನೆ. ಗೋಡೆಗೆ ಟೀವಿಗಳು, ಅವುಗಳ ಎದುರಿಗೆ ಗುಜರಿಯಿಂದ ತಂದ ಬಸ್ಸಿನ ಸೀಟುಗಳು. ಕೆಳಗಿನಿಂದ ಯೂರಿಯಾದ ವಾಸನೆ ಏರಿ ಬರುತ್ತಿರುತ್ತದೆ. ಹೊರಗೆ ರಸ್ತೆಯ ಮೇಲೆ ಚಾಚಿದ ಒಂದು ಉದ್ದ ಗ್ಯಾಲರಿ, ಅದಕ್ಕೆ ಕಬ್ಬಿಣದ ರೇಲಿಂಗ್. ಹುಕ್ಕೇರಿಗೆ ವರ್ಗವಾಗುವ ಮೊದಲು ನಾನು ಮೂಡಲಗಿಯಲ್ಲೇ ಕಲಿಸುತ್ತಿದ್ದೆ. ಹಾಗಾಗಿ ಅಲ್ಲಿ ಬರುವವರಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳು. ಮೊದಮೊದಲು ನನ್ನನ್ನು ಕಂಡು ಅವರು ಅಡಗುತ್ತಿದ್ದರು. ಅವರನ್ನು ಕಂಡು ನಾನೂ ಅಡಗುತ್ತಿದ್ದೆ. ಆಮೇಲೆ ಎರಡೂ ಕಡೆಯವರಿಗೆ ರೂಢಿಯಾಯಿತು. ಆಡುವುದರಲ್ಲಿ ನಾನು ದಡ್ಡಿ. ಕುದುರೆಯನ್ನು ಗುಡ್ಡದ ಮೇಲೆ ನಿಲ್ಲಿಸಿ ಸೂರ್ಯ ಮುಳುಗುವುದನ್ನು ನೋಡುತ್ತ ಕೂತರೆ ಹಿಂದಿನಿಂದ ಕೂಗು ಬರುತ್ತದೆ: "ಟೀಚರ್, ಹೊತ್ತ ಆಮ್ಯಾಲ ನೋಡ್ರಿ, ಬೆನ್ನ ಹಿಂದ ವೈರಿ ಬಂದಾನ!"

ಹೋದ ವರ್ಷ ಒಂದು ಆಟದ ಟ್ರೇಲರ್ ಬಂತು. ಆಟದ ಹೆಸರು ಬೇಡ. ಅಂಥವು ವರ್ಷಕ್ಕೆ ಹತ್ತಾರು ಬರುತ್ತವೆ. ಮಲ್ಲು ಅದನ್ನು ದೊಡ್ಡ ಟೀವಿಯಲ್ಲಿ, ಮೆಟ್ಟಿಲೇರಿ ಬರುವವರಿಗೆ ಮೊದಲು ಕಾಣುವಂತೆ, ತಿಂಗಳುಗಟ್ಟಲೆ ಓಡಿಸಿದ. ಅದರಲ್ಲೊಂದು ಕಣಿವೆ. ಮಳೆ ಸುರಿಯುತ್ತಿದೆ. ಕಂಬಳಿ ಹೊದ್ದ ಒಬ್ಬ ಮುದುಕ ಕುರಿಹಿಂಡನ್ನು ದಾಟಿಸುತ್ತಿದ್ದಾನೆ. ಉಣ್ಣೆ ನೆನೆದು ಎಳೆ ಎಳೆಯಾಗಿ ಬೇರ್ಪಟ್ಟಿದೆ, ಬೆನ್ನಿನಿಂದ ಹಬೆ ಏಳುತ್ತಿದೆ, ಮುಂದಿನ ಟಗರು ತಲೆ ಕೊಡವಿದರೆ ಹನಿಗಳು ನಮ್ಮ ಮೇಲೇ ಸಿಡಿದಂತಾಗುತ್ತವೆ.

ಈ ಕುರಿಗಳನ್ನು ಕಂಡು ಹುಚ್ಚಾದವನು ಕೌಜಲಗಿಯ ಈರಪ್ಪ. ಅವರದು ತಲೆತಲಾಂತರದಿಂದ ಕುರಿ ಸಾಕುವ ಮನೆತನ. ಬಿ.ಎ. ಮುಗಿಸಿ ಹೊಲ-ಕುರಿ ಎರಡನ್ನೂ ನೋಡಿಕೊಳ್ಳುತ್ತ, ಭಾನುವಾರ ತಪ್ಪದೆ ಮಲ್ಲುವಿನಲ್ಲಿಗೆ ಬರುತ್ತಿದ್ದ. ಮಲ್ಲುವಿಗೆ ಅವನೇ ಜೀವದ ಗೆಳೆಯ. ಈರಪ್ಪ ಟ್ರೇಲರ್ ನಿಲ್ಲಿಸಿ ನಿಲ್ಲಿಸಿ ನನಗೆ ತೋರಿಸುತ್ತಿದ್ದ: "ನೋಡ್ರಿ ಟೀಚರ್, ಮಳಿ ಬಂತಂದ್ರ ಕುರಿ ಮಳಿಗೆ ಬೆನ್ನ ಕೊಟ್ಟ ನಿಂದರ್ತಾವ, ತಲಿ ಒಳಗ ಹಾಕ್ಕೋತಾವ. ಹಂಗ ಮಾಡಿದಾರ ನೋಡ್ರಿ! ಇದನ್ನ ಮಾಡಿದಾಂವ ಕುರಿ ಕಾದಾನ್ರಿ. ಖರೇನ ಕಾದಾನ." ಬಂದೂಕು, ಕಾರು, ರಾಕ್ಷಸರೇ ತುಂಬಿದ ಆಟಗಳಲ್ಲಿ ತನ್ನ ಮನೆಯ ಬದುಕನ್ನು ಅಷ್ಟು ಸರಿಯಾಗಿ ಕಂಡದ್ದು ಅವನಿಗೆ ಅದೇ ಮೊದಲು. ಸಾಲಿ ಕಲಿತ ಮಗ ಭಾನುವಾರ ಯಾವುದೋ ಪೆಟ್ಟಿಗೆಯ ಮುಂದೆ ಕೂತು ಬರುತ್ತಾನೆ ಎಂದು ಬೇಸರಪಟ್ಟಿದ್ದ ಅಪ್ಪ ಭೀಮಪ್ಪನಿಗೂ ಹೇಳಿದ್ದ: "ಯಪ್ಪಾ, ಆಟ ಬರೂ ದಿನ ನೀನೂ ಬಾ. ನಮ್ಮ ಕುರಿ ನೋಡೀಯಂತ."

ಇಲ್ಲಿ ಸ್ವಲ್ಪ ಗೋಕಾಕದ ಕಡೆ ಹೋಗಿ ಬರೋಣ. ನಮ್ಮೂರಿನ ಜಲಪಾತವನ್ನು ನೀವು ಚಿತ್ರದಲ್ಲಿ ನೋಡಿರುತ್ತೀರಿ. ಕೆಂಪು ನೀರು ಬಂಡೆಯ ಮೇಲಿಂದ ಧುಮುಕುವ ಆ ಚಿತ್ರ ತೆಗೆದದ್ದು ಆಷಾಢ-ಶ್ರಾವಣದಲ್ಲಿ. ಅದನ್ನು ನೋಡಿದವರು ಮಕ್ಕಳುಮರಿ ಕಟ್ಟಿಕೊಂಡು ಬರುವುದು ಶಾಲೆ ಬಿಟ್ಟ ಬೇಸಿಗೆಯಲ್ಲಿ. ಆಗ ಅಲ್ಲಿ ಬಂಡೆ ಇರುತ್ತದೆ, ಮಂಗಗಳಿರುತ್ತವೆ, ನೀರೊಂದು ಇರುವುದಿಲ್ಲ. ಬಂದವರು ಯಾರ ಮೇಲೆ ಸಿಟ್ಟು ಮಾಡಬೇಕು? ನದಿ ಸಿಗುವುದಿಲ್ಲ, ಚಿತ್ರ ತೆಗೆದವನು ಸಿಗುವುದಿಲ್ಲ. ಸಿಗುವವನು ಆಟೋದವನು. "ಏನ್ರೀ ಇದು ಮೋಸ!" ಎಂದು ಅವನ ಮೇಲೆ ಹರಿಹಾಯುತ್ತಾರೆ. ನಮ್ಮ ಓಣಿಯ ಆಟೋದವನೊಬ್ಬ ಇದಕ್ಕೆ ಸಿದ್ಧ ಉತ್ತರ ಇಟ್ಟುಕೊಂಡಿದ್ದ: "ನೀರ ನಾ ಕುಡದೇನೇನ್ರಿ ಸಾಹೇಬ್ರ?" ಚಿಕ್ಕಂದಿನಲ್ಲಿ ಇದನ್ನು ಕೇಳಿ ನಗುತ್ತಿದ್ದೆ. ಈಗ ಆ ಪ್ರವಾಸಿಗರ ಮುಖ ನೆನಪಾಗುತ್ತದೆ. ದೂರದಿಂದ ಆಸೆ ಹೊತ್ತು ತಂದವರು, ಅದನ್ನು ಇಳಿಸಲು ಜಾಗ ಸಿಗದೆ ನಿಂತವರು.

ಆಟ ಬಿಡುಗಡೆಯಾದದ್ದು ಒಂದು ಭಾನುವಾರ. ಮಲ್ಲು ಅದನ್ನು ಹೊಸ ಟ್ರ್ಯಾಕ್ಟರ್ ಮನೆಗೆ ಬಂದಂತೆ ಬರಮಾಡಿಕೊಂಡ. ಆಟದ ಪೆಟ್ಟಿಗೆಗೆ ಚೆಂಡು ಹೂವಿನ ಮಾಲೆ ಹಾಕಿ, ಕಾಯಿ ಒಡೆದ. ಬೆಲ್ಲದ ಬಾಗೇವಾಡಿಯಿಂದಲೂ ಹುಡುಗರು ಗಾಡಿ ಹೊಡೆದುಕೊಂಡು ಬಂದಿದ್ದರು. ಈರಪ್ಪ ಮನೆದೇವರ ಭಂಡಾರ ತಂದಿದ್ದ, ಆ ಅರಿಶಿನದ ಪುಡಿಯನ್ನು ಮುಷ್ಟಿ ತುಂಬಿ ಮೇಲಕ್ಕೆ ತೂರಿದ. ಪಾರ್ಲರೆಲ್ಲ ಹಳದಿ, ನಮ್ಮ ತಲೆಗಳೂ ಹಳದಿ. ಮುಂದಿನ ಸೀಟಿನಲ್ಲಿ, ಕೆಂಪು ಪಟಗಾ ಸುತ್ತಿಕೊಂಡು, ಮದುವೆಗೆ ಬಂದ ಬೀಗರಂತೆ ಭೀಮಪ್ಪ ಕಾಕಾ ಕೂತಿದ್ದ.

ಆಮೇಲೆ ಹನ್ನೊಂದು ಹತ್ತಕ್ಕೆ ಆ ಕಣಿವೆ ಬಂತು, ಮಳೆ ಬಂತು.

ಮಳೆ ಎಂದರೆ ಬೂದು ಬಣ್ಣದ ಗೆರೆಗಳು. ಯಾರೋ ಪರದೆಯ ಮೇಲೆ ಪೆನ್ಸಿಲ್ಲಿನಿಂದ ಗೀಚಿದಂತೆ. ಅದರ ಕೆಳಗೆ ಕುರಿಗಳು ಬಂದವು. ಉಂಡೆಯಾದ ಬಿಳಿ ಹತ್ತಿ, ಅದಕ್ಕೆ ನಾಲ್ಕು ಕಡ್ಡಿ. ಮಳೆಗೆ ಬೆನ್ನು ಕೊಡುವುದಿರಲಿ, ಮುಖವೊಡ್ಡಿ ನಡೆಯುತ್ತಿದ್ದವು. ಗೆರೆಗಳು ಅವುಗಳ ಮೈಯೊಳಗಿಂದಲೇ ಹಾದು ನೆಲಕ್ಕೆ ಹೋಗುತ್ತಿದ್ದವು.

"ತಡೀರಿ, ಪಡದಾ ಮ್ಯಾಲ ಭಂಡಾರ ಕುಂತೈತಿ," ಎಂದು ಯಾರೋ ಟವೆಲ್ಲಿನಿಂದ ಟೀವಿ ಒರೆಸಿದ. ಒರೆಸಿದ ಮೇಲೆ ಅದು ಇನ್ನಷ್ಟು ಸ್ಪಷ್ಟವಾಗಿ ಕೆಟ್ಟದಾಗಿ ಕಂಡಿತು. ಮಲ್ಲು ಏನೇನೋ ಗುಂಡಿ ಒತ್ತಿದ, ವೈರು ಬದಲಿಸಿದ. ಕುರಿಗಳು ನೆನೆಯಲಿಲ್ಲ. ಆಗ ಮುಂದಿನ ಸೀಟಿನಿಂದ ಭೀಮಪ್ಪ ಕಾಕಾನ ದನಿ:

"ಇವ ಕುರಿ ಏನೋ ಈರ್ಯಾ? ನಾ ಯಾರೋ ಚುರಮರಿ ಚೀಲ ಹರದಾರಂತ ಮಾಡಿದ್ದೆ. ಇಷ್ಟ ಮಳಿ ಹೊಡ್ಯಾಕತ್ತೈತಿ, ಒಂದಾದ್ರೂ ತೊಯ್ದೈತೇನ? ಎಲ್ಲಾಕ್ಕೂ ಛತ್ರಿ ಕೊಟ್ಟಾರೇನು?"

ಪಾರ್ಲರಿಗೆ ಪಾರ್ಲರೇ ನಕ್ಕಿತು. ನಾನೂ ನಕ್ಕೆ, ಅಷ್ಟು ಒಳ್ಳೆಯ ಮಾತದು. ನಗದವನು ಒಬ್ಬನೇ. ಈರಪ್ಪನ ಕಿವಿ ಕೆಂಪಾದದ್ದನ್ನು ಅರಿಶಿನದ ಕೆಳಗೂ ಕಾಣಬಹುದಿತ್ತು. ಅಪ್ಪನಿಗೆ ತೋರಿಸಬೇಕೆಂದಿದ್ದ ಒಂದೇ ಒಂದು ವಸ್ತು, ಅಪ್ಪನ ಎದುರಿಗೇ ಚುರಮರಿಯಾಗಿತ್ತು.

"ಲೇ ಮಲ್ಲ್ಯಾ, ಇದು ಒರಿಜಿನಲ್ ಅಲ್ಲ," ಎಂದು ಎದ್ದ. "ಡೂಪ್ಲಿಕೇಟ ಮಾಲ ತಂದ ನಮ್ಮ ಕಣ್ಣಾಗ ಮಣ್ಣ ಹಾಕ್ತೀ?"

"ದೇವ್ರಾಣಿ ಈರಪ್ಪಾ, ಡಬ್ಬಿ ನಿಮ್ಮೆಲ್ಲಾರ ಮುಂದ ಒಡದೇನೋ! ಕಂಪನಿಯವ್ರ ಹಂಗ ಮಾಡ್ಯಾರ, ನಾ ಏನ ಮಾಡ್ಲಿ?"

"ನಮೂನಿ ತೋರಿಸಿದಾಂವ ಯಾರು? ಕಂಪನಿಯಾಂವ ಬಂದಿದ್ನೇನ ಮೂಡಲಗಿಗೆ? ನೀ ತೋರಿಸಿದಿ!"

ಈ ಒಂದು ಮಾತು ಬೀಳುತ್ತಲೇ ನಗುತ್ತಿದ್ದವರೆಲ್ಲ ಸುಮ್ಮನಾದರು. ಕಾರಣ ತಿಳಿಯಬೇಕಾದರೆ ನೀವು ಮೂಡಲಗಿಯ ಪೇಟೆಯಲ್ಲಿ ಬೆಳೆದಿರಬೇಕು. ಅಲ್ಲಿ ಗೋವಿನಜೋಳದ ವ್ಯಾಪಾರವೆಲ್ಲ ನಮೂನೆಯ ಮೇಲೆ. ದಲಾಲಿ ಅಂಗೈಯಲ್ಲಿ ಒಂದು ಹಿಡಿ ಕಾಳು ಹಿಡಿದು ತೋರಿಸುತ್ತಾನೆ, ಅದನ್ನು ನೋಡಿ ನೂರು ಚೀಲದ ಮಾತಾಗುತ್ತದೆ. ಚೀಲ ಬಿಚ್ಚಿದಾಗ ಕಾಳು ಬೇರೆಯಾದರೆ ಬೆಳೆದವನನ್ನು ಯಾರೂ ಹುಡುಕುವುದಿಲ್ಲ. ಯಾರ ಅಂಗೈ ತೋರಿಸಿತೋ ಅವನೇ ನಿಂತು ಉತ್ತರ ಕೊಡಬೇಕು. ಸಮುದ್ರದಾಚೆ ಯಾವುದೋ ಕಂಪನಿ ಭಾರೀ ಯಂತ್ರಗಳ ಮೇಲೆ ಮಾಡಿ ತೋರಿಸಿದ ಚಿತ್ರಕ್ಕೂ ಈ ಹುಡುಗರು ತಮಗೆ ಗೊತ್ತಿದ್ದ ಅದೇ ನ್ಯಾಯ ಹಚ್ಚಿದರು. ಅವರ ಲೆಕ್ಕದಲ್ಲಿ ತಿಂಗಳುಗಟ್ಟಲೆ ಅಂಗೈ ಚಾಚಿ ನಿಂತಿದ್ದವನು ಮಲ್ಲು.

ಬೇರೆ ಊರಿನವರ ಆಟ ಹೇಗಿದೆ ಎಂದು ತೋರಿಸಲು ಮಲ್ಲು ಫೋನ್ ಹಿಡಿದು ಗ್ಯಾಲರಿಗೆ ಹೊರಟ. ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಓಡಿಹೋಗುತ್ತಿದ್ದಾನೆ ಎಂದುಕೊಂಡರು. ಈರಪ್ಪ ಹಿಂದೆಯೇ ಹೋದ, ಅವನ ಹಿಂದೆ ಉಳಿದವರೆಲ್ಲ ಬಾಗಿಲಿನಲ್ಲಿ ನುಗ್ಗಿದರು. ಮುಂದಿದ್ದವರು ನಿಲ್ಲಬೇಕೆಂದರೂ ಹಿಂದಿನವರು ಬಿಡಲಿಲ್ಲ. ಮಲ್ಲುವಿನ ಬೆನ್ನು ರೇಲಿಂಗಿಗೆ ತಾಗಿತು. ನಾನು ಬಾಗಿಲ ಪಕ್ಕದ ಕಿಟಕಿಯಲ್ಲಿದ್ದೆ, ಕೈಯಲ್ಲಿ ಪ್ರಸಾದದ ಕಾಯಿಚೂರು. ರೇಲಿಂಗಿನ ತುದಿಯ ಬೋಲ್ಟು ಗೋಡೆಯಿಂದ ಹೊರಬರುವುದನ್ನು ನೋಡಿದೆ. ಸದ್ದಿಲ್ಲದೆ, ಹಣ್ಣಿನಿಂದ ಬೀಜ ಜಾರುವಂತೆ ಬಂತು. ಸುಣ್ಣದ ಪುಡಿ ಉದುರಿತು. ಇಡೀ ರೇಲಿಂಗ್ ನಿಧಾನವಾಗಿ ರಸ್ತೆಯ ಕಡೆ ಬಾಗಿತು, ಅದರೊಂದಿಗೆ ಮಲ್ಲುವೂ. ಕೆಳಗೆ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರಾಲಿ ಎಳೆಯುತ್ತ ಹೋಗುತ್ತಿತ್ತು.

ನನ್ನ ಬಾಯಿಂದ ಬಂದದ್ದು, ಇಷ್ಟು ವರ್ಷ ತರಗತಿಯಲ್ಲಿ ಕೂಗಿ ಕೂಗಿ ಗಂಟಲಿಗೆ ಅಂಟಿದ ಮಾತು: "ಕೂಡ್ರಿ! ಎಲ್ಲಾರೂ ಸುಮ್ಮ ಕೂಡ್ರಿ!"

ಹಿಂದಿನ ಸಾಲುಗಳು ಕೂತವು! ಯಾಕೆಂದು ಕೇಳದೆ, ಇದ್ದಲ್ಲಿಯೇ, ದೊಪ್ಪನೆ. ಮೀಸೆ ಬಂದವರು, ಮದುವೆಯಾದವರು. ನೂಕು ನಿಂತಿತು. ಅದೇ ಗಳಿಗೆಯಲ್ಲಿ ಈರಪ್ಪ ಮುಂದಕ್ಕೆ ಬಿದ್ದು ಮಲ್ಲುವಿನ ಬೆಲ್ಟನ್ನು ಎರಡೂ ಕೈಯಿಂದ ಹಿಡಿದಿದ್ದ. ಟಗರಿನ ಕೊಂಬು ಹಿಡಿದು ರೂಢಿಯಾದ ಕೈಗಳು. ಎಳೆದು ಒಳಗೆ ಕೆಡವಿದ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಹಾಗೇ ಉಳಿದರು. ಭೀಮಪ್ಪ ಕಾಕಾ ಬಂದು ಮಗನ ರಟ್ಟೆ ಹಿಡಿದು ಎಬ್ಬಿಸಿ, ಮೆಟ್ಟಿಲಿಳಿಸಿಕೊಂಡು ಹೋದ.

ಅಂದೇ ಸಂಜೆಯೊಳಗೆ ಫೋನಿನಲ್ಲಿ ಎಲ್ಲ ಗೊತ್ತಾಯಿತು. ಲೋಕದ ತುಂಬ ಇದೇ ಗೋಳು. ಗೊತ್ತಿಲ್ಲದ ಭಾಷೆಗಳಲ್ಲಿ ಜನ ಬರೆದುಕೊಂಡಿದ್ದರು. ಕೆಲವರು ಟ್ರೇಲರಿನ ಕುರಿ, ಆಟದ ಕುರಿ ಎರಡನ್ನೂ ಪಕ್ಕಪಕ್ಕ ಇಟ್ಟು ಅಳುವ ಮುಖ ಅಂಟಿಸಿದ್ದರು. ಬಾಗೇವಾಡಿಯ ಹುಡುಗನೊಬ್ಬ ಓದಿ, "ಬ್ರೆಜಿಲ್‌ದಾಗೂ ಕುರಿ ತೊಯ್ದಿಲ್ಲಂತಪಾ," ಎಂದ. ಅದಕ್ಕೂ ಯಾರೂ ನಗಲಿಲ್ಲ. ಮಲ್ಲು ಮೂಲೆಯ ಸೀಟಿನಲ್ಲಿ ಕೂತಿದ್ದ. ತನ್ನ ಮಾಲು ಖರೆ ಎಂದು ತಿಳಿದರೂ ಅವನ ಮುಖ ಅರಳಲಿಲ್ಲ. ಅದನ್ನು ತಿಳಿಯಬೇಕಾದವನು ಅಲ್ಲಿರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ, ಅದರ ಮುಂದಿನದಕ್ಕೂ. ಪೇಟೆಯಲ್ಲಿ "ಡೂಪ್ಲಿಕೇಟ ಮಲ್ಲ್ಯಾ" ಎಂಬ ಹೆಸರು ಮಾತ್ರ ಓಡಾಡುತ್ತಿತ್ತು. ಅದನ್ನು ಹುಟ್ಟಿಸಿದ ಬಾಯೇ ಅಳಿಸಬೇಕಿತ್ತು.

ನನಗೆ ಈರಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೋಸ ಹೋಗುವುದು ಏನೆಂದು ನನಗೆ ಇನ್ನೊಂದು ಬದಿಯಿಂದ ಗೊತ್ತು. ಮದುವೆಯ ಮಾತುಕತೆ ನಡೆದಾಗ ಗೋಕಾಕದ ಸ್ಟುಡಿಯೋದವನು ನನ್ನ ಫೋಟೋದಲ್ಲಿ ಮೂಗು ಸಪೂರ ಮಾಡಿ, ಬಣ್ಣ ತಿಳಿ ಮಾಡಿ ಕೊಟ್ಟಿದ್ದ. ಗಂಡಿನ ಕಡೆಯವರು ಬಂದರು, ನಾನು ಅವಲಕ್ಕಿ ತಟ್ಟೆ ಹಿಡಿದು ಹೋದೆ. ಅವರ ಅಜ್ಜಿ ನನ್ನನ್ನು ದಾಟಿ ಬಾಗಿಲ ಕಡೆ ನೋಡುತ್ತ, "ಫೋಟೋದಾಗಿನ ಹುಡುಗಿ ಒಳಗ ಅದಾಳೇನವಾ?" ಎಂದಳು. ಅಜ್ಜಿಯ ತಪ್ಪಿರಲಿಲ್ಲ. ನನ್ನದೂ ಇರಲಿಲ್ಲ. ಆ ಕಂಪನಿಯಲ್ಲೂ ಯಾರೋ ಒಬ್ಬರು ರಾತ್ರಿ-ಹಗಲು ಕೂತು ನೆನೆದ ಉಣ್ಣೆಯ ಎಳೆ ಬಿಡಿಸಿರುತ್ತಾರೆ. ಕೊನೆಗೆ ಮೇಲಿನವರು, ಇದು ಜನರ ಮನೆಯ ಯಂತ್ರದಲ್ಲಿ ಓಡುವುದಿಲ್ಲ, ತೆಗೆ, ಎಂದಿರುತ್ತಾರೆ. ಅವರಿಗೆ ಹೇಗಾಗಿರಬೇಡ? ಹೀಗೆ ಎಲ್ಲರ ಪರವಾಗಿ ವಾದ ಮಾಡಬಲ್ಲೆ. ಆದರೆ ಮಲಗಿದರೆ ಆ ಬೋಲ್ಟು ಗೋಡೆಯಿಂದ ಹೊರಬರುತ್ತಿತ್ತು. ಒಮ್ಮೊಮ್ಮೆ ನಾನು ಕೂಗುತ್ತಿರಲಿಲ್ಲ. ಒಮ್ಮೊಮ್ಮೆ ಕೂಗಿದರೂ ಯಾರೂ ಕೂರುತ್ತಿರಲಿಲ್ಲ. ಬೆವರಿ ಏಳುತ್ತಿದ್ದೆ. ಆಟದಲ್ಲಾದರೆ ಸತ್ತರೆ ಹಿಂದಿನ ಜಾಗದಿಂದ ಮತ್ತೆ ಶುರು ಮಾಡಬಹುದು. ನನ್ನ ಕನಸು ಶುರುವಾಗುತ್ತಿದ್ದುದು ಯಾವಾಗಲೂ ಆ ಕಿಟಕಿಯಿಂದಲೇ. ರೇಲಿಂಗನ್ನು ಮಲ್ಲು ಮರುದಿನವೇ ಹೊಸದಾಗಿ ಹಾಕಿಸಿದ್ದ. ಆದರೂ ನಾನು ಗ್ಯಾಲರಿಯ ಕಡೆ ಹೋಗಿರಲಿಲ್ಲ.

ಬಸ್ಸಿನಲ್ಲಿ ಹಾಗೆ ಹೆದರಿದ ಶನಿವಾರ, ಮನೆ ಮುಟ್ಟಿ ಮಲ್ಲುವಿಗೆ ಫೋನ್ ಮಾಡಿದೆ. ಹೇಳಿದೆ. ಅವನು, "ಅಕ್ಕಾ, ನನಗ ರೇಲಿಂಗ ಕನಸ ಬೀಳಂಗಿಲ್ಲ. ಈರ್ಯಾನ ಮಾರಿ ಬೀಳ್ತೈತಿ. ಡೂಪ್ಲಿಕೇಟ ಅಂದಾಗಿನ ಮುಖ," ಎಂದ. ನಾನು ಈರಪ್ಪನಿಗೂ ಫೋನ್ ಹಚ್ಚಿ, ಪಾರ್ಲರಿಗೆ ಬಾ ಎಂದೆ. ಮಲ್ಲುವಿನ ಮಾಲು ಖರೆ ಎಂಬುದು ಅವನಿಗೂ ಎಂದೋ ತಿಳಿದಿತ್ತು.

"ಯಾವ ಮುಖ ಇಟಗೊಂಡ ಬರ್ಲಿ ಟೀಚರ್? ನೂಕಿದ ಕೈ ನಂದ."

"ಹಿಡದ ಕೈನೂ ನಿಂದ."

ಅತ್ತಲಿಂದ ಫೋನ್ ಯಾರೋ ಕಸಿದುಕೊಂಡ ಸದ್ದು. ಭೀಮಪ್ಪ ಕಾಕಾ. "ನಾಳೆ ಕರಕೊಂಡ ಬರ್ತೇನಿ ನಮ್ಮವ್ವಾ. ನಗಿಸಿದಾಂವ ನಾ. ನಂದೂ ಅದರಾಗ ಪಾಲೈತಿ," ಎಂದ.

ಭಾನುವಾರ ಪಾರ್ಲರ್ ತುಂಬಿತ್ತು. ಅಪ್ಪ-ಮಗ ಒಳಗೆ ಬಂದಾಗ ಆಟಗಳೆಲ್ಲ ತಾವಾಗಿ ನಿಂತವು. ಕಾಕಾ ರಸ್ತೆಯಾಚೆಯ ಚಹಾದಂಗಡಿಗೆ ಕೂಗಿ ಒಂದೇ ಒಂದು ಚಹಾ ತರಿಸಿದ. ಅದನ್ನು ಕಂಡು ಅಲ್ಲಿದ್ದವರ ಬೆನ್ನು ನೆಟ್ಟಗಾಯಿತು. ಪೇಟೆಯಲ್ಲಿ ನಮೂನೆಯ ಜಗಳ ಬಗೆಹರಿಯುವುದು ಹೀಗೆ: ಹಿರಿಯನೊಬ್ಬ ಒಂದು ಚಹಾ ತರಿಸಿ ಅರ್ಧವನ್ನು ಕಪ್ಪಿನ ಕೆಳಗಿನ ಬಶಿಗೆ ಸುರಿದು ಎರಡನ್ನೂ ಇಬ್ಬರ ನಡುವೆ ಇಡುತ್ತಾನೆ. ತಪ್ಪು ಯಾರದೆಂದು ಅವನು ಹೇಳುವುದಿಲ್ಲ. ತನ್ನದು ತಪ್ಪು ಎಂದುಕೊಂಡವನು ಬಶಿ ಎತ್ತಿಕೊಳ್ಳಬೇಕು, ಸರಿ ಇದ್ದವನಿಗೆ ಕಪ್ಪು. ಕುಡಿದ ಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ, ಪೇಟೆಯಲ್ಲೂ ಎತ್ತುವಂತಿಲ್ಲ.

ಕಾಕಾ ಬಶಿಗೆ ಸುರಿದು ಟೇಬಲ್ಲಿನ ಮೇಲಿಟ್ಟ. ಮಲ್ಲು ನೋಡಿದ. ಈರಪ್ಪ ನೋಡಿದ. ಎರಡು ಕೈ ಒಟ್ಟಿಗೇ ಚಾಚಿದವು. ಎರಡೂ ಬಶಿಗೇ. ಚಹಾ ಚೆಲ್ಲಿ ಟೇಬಲ್ಲಿನ ಮೇಲೆ ಹರಿಯಿತು.

"ಬಿಡಲೇ, ನಾ ಡೂಪ್ಲಿಕೇಟ ಅಂದೆ. ನಂದ ಬಶಿ."

"ತೋರಿಸಿದಾಂವ ನಾ. ಬಿಡ ನೀ."

"ಬಿಡಲೇ ಅಂದ್ರ!"

"ನಿಮ್ಮವ್ನ, ಇಬ್ಬರೂ ಬಶಿ ಹಿಡದ್ರ ಕಪ್ಪ ಯಾರಿಗೋ?" ಎಂದ ಕಾಕಾ. ಉತ್ತರಕ್ಕೆ ಕಾಯದೆ ಕಪ್ಪನ್ನು ತಾನೇ ಎತ್ತಿ ಕುಡಿದು, ಮೀಸೆ ಒರೆಸಿಕೊಂಡ. ಬಶಿಯಲ್ಲಿ ಉಳಿದ ಗುಟುಕನ್ನು ಅವರಿಬ್ಬರೂ ಹಂಚಿಕೊಂಡರು. ನಾನು ಗ್ಯಾಲರಿಗೆ ಹೋಗಿ ಸ್ವಲ್ಪ ಹೊತ್ತು ಗಾಳಿಗೆ ನಿಂತೆ.

ಅಂದು ಗೋಕಾಕಕ್ಕೆ ಬಂದು ಉಂಡು ಮಲಗಿದ್ದಷ್ಟೇ ಗೊತ್ತು. ಕಣ್ಣು ತೆರೆದಾಗ ಬಿಸಿಲು ಹಾಸಿಗೆಯ ಮೇಲಿತ್ತು, ಹುಕ್ಕೇರಿಯ ಬಸ್ಸು ಹೋಗಿಯಾಗಿತ್ತು. ಸೋಮವಾರದ ಮೊದಲ ಪಿರಿಯಡ್ಡು ತಪ್ಪಿತು. ಗಾಬರಿಯಾಗಬೇಕಾದವಳು ಸುಮ್ಮನೆ ಕೂತು ಮಲ್ಲುವಿಗೆ ಫೋನ್ ಮಾಡಿದೆ. ಚಿಗವ್ವ ಎತ್ತಿದಳು.

"ಅಂವ ಇನ್ನಾ ಮಲಗ್ಯಾನವಾ. ಗೊರಕಿ ಇಲ್ಲೀತನಾ ಕೇಳಾಕತ್ತೈತಿ. ಎಬ್ಬಸ್ಲೇನು?"

"ಬ್ಯಾಡ ಚಿಗವ್ವಾ," ಎಂದೆ. "ಮಲಗ್ಲಿ."